ದೊಡ್ಡ ಕಟ್ಟಡದ ಎ.ಸಿ. ಯಾರ ಕೈಗೆ ಕೊಡುವುದು?

ಮುಂಚೆ ನಾನು ಒಂದು ಕಚೇರಿ ಕಟ್ಟಡದ ನಿರ್ವಹಣೆ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಮೂರನೇ ಮಹಡಿಯ ಎ.ಸಿ. ಬೇಸಿಗೆ ಬಂತೆಂದರೆ ಕೈಕೊಡುತ್ತಿತ್ತು. ಸರ್ವಿಸ್‌ನವರು ಬರುತ್ತಿದ್ದರು, ‘ಗ್ಯಾಸ್ ಕಮ್ಮಿ ಆಗಿದೆ ಸಾರ್’ ಅನ್ನುತ್ತಿದ್ದರು, ತುಂಬಿಸಿ ಬಿಲ್ ಕೊಟ್ಟು ಹೋಗುತ್ತಿದ್ದರು. ಮೂರು ಬೇಸಿಗೆ ಹೀಗೇ ಕಳೆಯಿತು. ನಾಲ್ಕನೇ ವರ್ಷ ಬೇರೆಯವರನ್ನು ಕರೆಸಿದೆವು. ಬಂದ ಹುಡುಗ ಸಿಲಿಂಡರ್ ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದು ತಾಮ್ರದ ಪೈಪಿನುದ್ದಕ್ಕೂ ನೋಡುತ್ತಾ ಹೋದ. ಒಂದು ನಟ್ ಹತ್ತಿರ ಧೂಳು ಜಿಡ್ಡುಜಿಡ್ಡಾಗಿ ಅಂಟಿತ್ತು. ಬೆರಳಲ್ಲಿ ಒರೆಸಿ ತೋರಿಸಿದ, ಎಣ್ಣೆ. ಗ್ಯಾಸಿನ ಜೊತೆ ಪೈಪಿನೊಳಗೆ ಸುತ್ತುವ ಕಂಪ್ರೆಸರಿನ ಎಣ್ಣೆ. ಅಲ್ಲಿಗೆ ಸೋಪಿನ ನೀರು ಹಚ್ಚಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದವು.

ಎ.ಸಿ.ಯ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ವರ್ಷವರ್ಷವೂ ಕಮ್ಮಿ ಆಗುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಅವತ್ತಿನಿಂದ ಎಚ್‌ವ್ಯಾಕ್ (ಕಟ್ಟಡದ ಎ.ಸಿ., ಗಾಳಿ ವ್ಯವಸ್ಥೆ ನೋಡಿಕೊಳ್ಳುವ) ಕಂಪನಿ ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಒಂದೇ. ಇವರು ಅಳೆಯುತ್ತಾರಾ? ಅಳೆದದ್ದನ್ನು ಬರೆದಿಡುತ್ತಾರಾ?

1. ಮೊದಲು ನಿಮ್ಮಲ್ಲಿ ಏನೇನಿದೆ ಬರೆದುಕೊಳ್ಳಿ

ಕಂಪನಿಗಳಿಗೆ ಫೋನ್ ಮಾಡುವ ಮುಂಚೆ ಒಂದು ಸಲ ಕಟ್ಟಡ ಪೂರ್ತಿ ಸುತ್ತಿ ಬನ್ನಿ. ಸ್ಪ್ಲಿಟ್ ಎಷ್ಟು, ಡಕ್ಟ್ ಮೂಲಕ ಗಾಳಿ ಕೊಡುವ ಯೂನಿಟ್ ಎಷ್ಟು, ವಿ.ಆರ್.ಎಫ್. (ಹೊರಗಿನ ಒಂದು ಯಂತ್ರದಿಂದ ಒಳಗಿನ ಹಲವು ಯೂನಿಟ್‌ಗಳಿಗೆ ಗ್ಯಾಸ್ ಹಂಚುವ ವ್ಯವಸ್ಥೆ) ಇದೆಯಾ, ಚಿಲ್ಲರ್ (ನೀರು ತಣ್ಣಗೆ ಮಾಡಿ ಕಟ್ಟಡಕ್ಕೆ ಕಳಿಸುವ ಯಂತ್ರ) ಮತ್ತು ಕೂಲಿಂಗ್ ಟವರ್ (ಯಂತ್ರದ ಶಾಖ ಹೊತ್ತು ಬಂದ ನೀರನ್ನು ಗಾಳಿಯಲ್ಲಿ ತಣಿಸುವ ಗೋಪುರ) ಇದೆಯಾ, ಎಕ್ಸಾಸ್ಟ್ ಫ್ಯಾನ್ ಎಲ್ಲೆಲ್ಲಿದೆ, ಎಲ್ಲ ಬರೆಯಿರಿ. ಪ್ರತಿ ಯಂತ್ರದ ಮೇಲೂ ಒಂದು ಲೋಹದ ತಗಡೋ ಸ್ಟಿಕ್ಕರೋ ಇರುತ್ತದೆ. ಮಾಡೆಲ್, ಸೀರಿಯಲ್ ನಂಬರ್, ಗ್ಯಾಸಿನ ಹೆಸರು ಎಲ್ಲ ಅದರಲ್ಲಿರುತ್ತದೆ. ಮೊಬೈಲಲ್ಲಿ ಫೋಟೊ ತೆಗೆದುಕೊಂಡರೆ ಸಾಕು. (ಎ.ಸಿ.ಯ ಸಾಮರ್ಥ್ಯವನ್ನು ಟನ್ ಲೆಕ್ಕದಲ್ಲಿ ಹೇಳುತ್ತಾರೆ. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ಮಂಜುಗಡ್ಡೆ ಹಾಕಿ ತಂಪು ಮಾಡುತ್ತಿದ್ದ ಕಾಲದ ಲೆಕ್ಕ ಇದು. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖ. ಯಂತ್ರದ ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ.)

ಗ್ಯಾಸಿನ ಹೆಸರಿಗೆ ಜಾಸ್ತಿ ಗಮನ ಕೊಡಿ. ಆರ್-22 ಅಂತಿದ್ದರೆ ಅದು ಓಝೋನ್ ಪದರಕ್ಕೆ ಹಾನಿ ಮಾಡುವ ಹಳೇ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತಿನಾದ್ಯಂತ ಹಂತಹಂತವಾಗಿ ಕೈಬಿಡುತ್ತಿರುವುದು. ಆರ್-410ಎ ಅದಕ್ಕಿಂತ ಜಾಸ್ತಿ ಒತ್ತಡದಲ್ಲಿ ಓಡುತ್ತದೆ, ಹಾಗಾಗಿ ಗೇಜು, ಹೋಸುಗಳೂ ಆ ಒತ್ತಡ ತಡೆಯುವಂಥವೇ ಬೇಕು. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗ್ಯಾಸ್. ‘ಎಲ್ಲಾ ಒಂದೇ ಸಾರ್, ಯಾವುದಾದರೂ ಹಾಕಬಹುದು’ ಅಂದವರಿಗೆ ಟೀ ಕುಡಿಸಿ ಕಳಿಸಿಬಿಡಿ.

2. ಕಟ್ಟಡ ನೋಡದೆ ಕೊಟೇಶನ್ ಕೊಟ್ಟವರನ್ನು ಪಟ್ಟಿಯಿಂದ ತೆಗೆಯಿರಿ

ನಾಲ್ಕೈದು ಕಂಪನಿಗಳನ್ನು ಕರೆದರೆ ಸಾಕು. ಅವರು ಬಂದಾಗ ಸುಮ್ನೆ ಜೊತೆಯಲ್ಲಿ ನಡೆಯಿರಿ, ಜಾಸ್ತಿ ಮಾತಾಡಬೇಡಿ. ಕೆಲಸ ಗೊತ್ತಿದ್ದವರು ಹಳೇ ಲಾಗ್‌ಬುಕ್ ಕೇಳುತ್ತಾರೆ. ಯಾವ ಮೂಲೆಯಲ್ಲಿ ಸೆಕೆ, ಯಾವ ಮೂಲೆಯಲ್ಲಿ ಚಳಿ ಅಂತ ವಿಚಾರಿಸುತ್ತಾರೆ. ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ, ನೀರು ಹೋಗುವ ಟ್ರೇ ಇಣುಕಿ ನೋಡುತ್ತಾರೆ. ಒಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ ಎರಡಕ್ಕೂ ಥರ್ಮಾಮೀಟರ್ ಹಿಡಿಯುತ್ತಾರೆ. ಸರಿಯಾಗಿ ಓಡುವ ಎ.ಸಿ.ಯಲ್ಲಿ ಸಾಮಾನ್ಯವಾಗಿ ಇವೆರಡರ ನಡುವೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರುತ್ತದೆ. ಬಾಗಿಲಲ್ಲೇ ನಿಂತು ‘ಎಷ್ಟು ಟನ್ ಇದೆ? ಇಷ್ಟಾಗುತ್ತೆ’ ಅನ್ನುವವರೂ ಇದ್ದಾರೆ. ಅವರ ರೇಟು ಎಲ್ಲರಿಗಿಂತ ಕಮ್ಮಿ ಇರುತ್ತದೆ. ಕೆಲಸವೂ ಅಷ್ಟೇ.

ಹಳೇ ಯಂತ್ರ ತೆಗೆದು ಹೊಸದು ಹಾಕಿಸುವುದಾದರೆ ಹೀಟ್ ಲೋಡ್ ಲೆಕ್ಕ, ಅಂದರೆ ಎಷ್ಟು ಶಾಖ ಹೊರಹಾಕಬೇಕು ಅನ್ನುವ ಲೆಕ್ಕ, ಕಾಗದದ ಮೇಲೆ ಕೇಳಿ. ಗಾಜು ಎಷ್ಟು, ಜನ ಎಷ್ಟು, ಕಂಪ್ಯೂಟರ್ ಎಷ್ಟು, ಹೊರಗಿನ ಗಾಳಿ ಎಷ್ಟು ತರಬೇಕು, ಇದೆಲ್ಲ ಅದರಲ್ಲಿರಬೇಕು. ‘ಇರಲಿ, ಸ್ವಲ್ಪ ದೊಡ್ಡದೇ ಹಾಕೋಣ’ ಅನ್ನುವುದು ಒಳ್ಳೆಯ ಮಾತಿನಂತೆ ಕೇಳಿಸುತ್ತದೆ, ಅಲ್ವಾ? ಆದರೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಬೇಗ ತಂಪು ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಗಾಳಿಯ ತೇವ ಹೀರುವಷ್ಟು ಹೊತ್ತು ಓಡುವುದೇ ಇಲ್ಲ. ರೂಮು ತಣ್ಣಗಿದ್ದರೂ ಮೈ ಅಂಟಂಟು. 1902ರಲ್ಲಿ ವಿಲಿಸ್ ಕ್ಯಾರಿಯರ್ ಮೊದಲ ಆಧುನಿಕ ಹವಾನಿಯಂತ್ರಣ ವ್ಯವಸ್ಥೆ ರೂಪಿಸಿದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿಗಾಗಿ. ಅಲ್ಲಿನ ತೊಂದರೆಯೂ ತೇವದ್ದೇ. ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

3. ಕಾಗದಪತ್ರ

ನಿಮ್ಮ ಊರಿನ ಕಾನೂನು ಕೇಳುವ ಲೈಸೆನ್ಸ್, ಕೆಲಸಗಾರರ ವಿಮೆ, ಬೇರೆಯವರ ಆಸ್ತಿಗೆ ಹಾನಿಯಾದರೆ ಕಟ್ಟಿಕೊಡುವ ವಿಮೆ ಇವುಗಳ ಪ್ರತಿ ತೆಗೆದುಕೊಳ್ಳಿ, ವಿಮೆಯ ಕೊನೆಯ ದಿನಾಂಕ ನೋಡಿ. ಬರುವವರು ಕಂಪನಿಯ ಸ್ವಂತ ಕೆಲಸಗಾರರಾ, ಇಲ್ಲ ಇನ್ನೊಬ್ಬರಿಗೆ ಕೆಲಸ ಹಂಚುತ್ತಾರಾ ಅಂತಲೂ ಕೇಳಿ. ಹಂಚುವುದು ತಪ್ಪೇನಲ್ಲ. ಮುಚ್ಚಿಟ್ಟರೆ ಮಾತ್ರ ಅನುಮಾನಪಡಿ.

4. ಈ ಎರಡು ಪ್ರಶ್ನೆ ಕೇಳಿ

ಮೊದಲನೇದು: ‘ಲೀಕ್ ಸಿಕ್ಕಿದ ಮೇಲೆ, ಗ್ಯಾಸ್ ತುಂಬುವ ಮುಂಚೆ ಏನೇನು ಮಾಡ್ತೀರಿ?’ ಇದನ್ನು ಸೇಲ್ಸ್‌ನವರ ಹತ್ತಿರ ಕೇಳಬೇಡಿ, ಪೈಪ್ ಮುಟ್ಟುವವರ ಹತ್ತಿರ ಕೇಳಿ. ಉತ್ತರ ಹೆಚ್ಚುಕಮ್ಮಿ ಹೀಗಿರಬೇಕು: ‘ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಸಿಲಿಂಡರಿಗೆ ಎಳೆದುಕೊಳ್ಳುತ್ತೇವೆ. ಬೆಸುಗೆ ಆದಮೇಲೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ನೋಡುತ್ತೇವೆ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯುವ ಮಾನ) ಕೆಳಗೆ ಇಳಿಸುತ್ತೇವೆ, ಪಂಪ್ ನಿಲ್ಲಿಸಿ ಅದು ಅಲ್ಲೇ ನಿಲ್ಲುತ್ತದಾ ಅಂತ ಕಾಯುತ್ತೇವೆ. ಕೊನೆಗೆ ಗ್ಯಾಸನ್ನು ತೂಕ ಮಾಡಿ ತುಂಬುತ್ತೇವೆ.’ ‘ಸ್ವಲ್ಪ ಗ್ಯಾಸ್ ಬಿಟ್ಟು ಒಳಗಿನ ಗಾಳಿ ಹೊರಗೆ ತಳ್ಳಿಬಿಡ್ತೀವಿ’ ಅಂದರೆ ಮಾತು ಅಲ್ಲಿಗೇ ಮುಗಿಸಿ. ಒಳಗೆ ಉಳಿದ ತೇವ ಎಣ್ಣೆಯ ಜೊತೆ ಸೇರಿ ಆಮ್ಲವಾಗುತ್ತದೆ, ಕಂಪ್ರೆಸರ್ ವೈಂಡಿಂಗನ್ನು (ಅದರ ಮೋಟರಿನ ತಂತಿ ಸುರುಳಿ) ನಿಧಾನವಾಗಿ ತಿನ್ನುತ್ತದೆ. ಒಂದು ವರ್ಷ ಬಿಟ್ಟು ಕಂಪ್ರೆಸರ್ ಸುಟ್ಟಾಗ ಅವತ್ತಿನ ಕೆಲಸ ಯಾರಿಗೂ ನೆನಪಿರುವುದಿಲ್ಲ.

ಎರಡನೇದು ಕೂಲಿಂಗ್ ಟವರ್ ಇರುವವರಿಗೆ: ‘ಟವರಿನ ನೀರನ್ನು ಏನು ಮಾಡ್ತೀರಿ?’ 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಬಂದವರಲ್ಲಿ ಅನೇಕರು ನ್ಯುಮೋನಿಯಾಗೆ ತುತ್ತಾದರು, ಕೆಲವರು ಸತ್ತರು. ಮರುವರ್ಷ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾಯಿತು. ಸಂಘದ ಹೆಸರಿಂದಲೇ ಅದಕ್ಕೆ ಲೀಜಿಯೋನೆಲ್ಲಾ ಎಂಬ ಹೆಸರು ಬಂತು. ಬೆಚ್ಚಗಿನ ನೀರು, ಪಾಚಿ, ತುಕ್ಕು ಸಿಕ್ಕರೆ ಅದು ಚೆನ್ನಾಗಿ ಬೆಳೆಯುತ್ತದೆ. ಸರಿಯಾಗಿ ನೋಡಿಕೊಳ್ಳದ ಟವರಿನಲ್ಲಿ ಈ ಮೂರೂ ಇರುತ್ತವೆ, ಮೇಲಿಂದ ಹನಿಗಳನ್ನು ಗಾಳಿಗೆ ಎರಚುವ ಫ್ಯಾನೂ ಇರುತ್ತದೆ. ‘ಔಷಧಿ ಹಾಕ್ತೀವಿ’ ಅಂದರೆ ಸಾಲದು. ಯಾವ ಔಷಧಿ, ಎಷ್ಟು ದಿನಕ್ಕೆ, ನೀರಿನ ಪರೀಕ್ಷೆ ಯಾವ ಲ್ಯಾಬಲ್ಲಿ, ರಿಪೋರ್ಟ್ ಎಲ್ಲಿ?

5. ಬೇರೆ ಗ್ರಾಹಕರಿಗೆ ಫೋನ್ ಮಾಡಿ

‘ಹೇಗಿದ್ದಾರೆ?’ ಅಂದರೆ ಎಲ್ಲರೂ ‘ಪರವಾಗಿಲ್ಲ’ ಅಂತಾರೆ. ‘ಹೋದ ಸಲ ರಜಾದಿನ ಕೆಟ್ಟಾಗ ಎಷ್ಟು ಹೊತ್ತಿಗೆ ಬಂದರು?’ ಅಂತ ಕೇಳಿ. ಬೇರೆ ಕಟ್ಟಡಕ್ಕೆ ಕೊಟ್ಟ ಸರ್ವಿಸ್ ರಿಪೋರ್ಟಿನ ಒಂದು ಪ್ರತಿಯನ್ನೂ ಹೆಸರು ಮರೆಮಾಡಿ ತೋರಿಸಲು ಹೇಳಿ. ಅದರಲ್ಲಿ ಒತ್ತಡ, ಆಂಪಿಯರ್, ತಾಪಮಾನ ಅಂಕಿಗಳಲ್ಲಿ ಇವೆಯಾ? ಸಾಲಾಗಿ ಟಿಕ್ ಮಾರ್ಕ್ ಹಾಕಿ ಕೆಳಗೆ ‘ಆಲ್ ಓಕೆ’ ಅಂತ ಬರೆದಿದ್ದರೆ, ಆ ಕಾಗದವನ್ನು ಕೆಳಗೆ ಟೀ ಅಂಗಡಿಯಲ್ಲಿ ಕೂತೂ ಬರೆಯಬಹುದು.

6. ಎ.ಎಂ.ಸಿ.ಯನ್ನು ಸಾಲುಸಾಲಾಗಿ ಓದಿ

ವರ್ಷದ ನಿರ್ವಹಣೆ ಒಪ್ಪಂದದಲ್ಲಿ ಎರಡು ಬಗೆ. ಕಾಂಪ್ರಹೆನ್ಸಿವ್ ಅಂದರೆ ಬಿಡಿಭಾಗವೂ ಸೇರಿದ್ದು, ಇನ್ನೊಂದರಲ್ಲಿ ಬರೀ ಸರ್ವಿಸ್. ಮೊದಲನೇದನ್ನು ತೆಗೆದುಕೊಂಡರೂ ಕಂಪ್ರೆಸರ್, ಸರ್ಕ್ಯೂಟ್ ಬೋರ್ಡ್, ಗ್ಯಾಸ್ ಸೇರಿವೆಯಾ ನೋಡಿ. ಸಣ್ಣ ಅಕ್ಷರದಲ್ಲಿ ಹೊರಗಿಡುವುದು ಇವನ್ನೇ. ‘ನಾಲ್ಕು ಗಂಟೆಯಲ್ಲಿ ಸ್ಪಂದಿಸುತ್ತೇವೆ’ ಅಂದರೆ ಫೋನ್ ಎತ್ತುವುದಾ, ಮನುಷ್ಯ ಬರುವುದಾ, ಎ.ಸಿ. ಓಡುವುದಾ? ಬರೆಸಿಕೊಳ್ಳಿ. ‘ವರ್ಷಕ್ಕೆ 4 ಸರ್ವಿಸ್’ ಅಂದರೆ ಪ್ರತಿ ಸಲ ಏನೇನು ಬಿಚ್ಚುತ್ತಾರೆ, ತೊಳೆಯುತ್ತಾರೆ, ಅಳೆಯುತ್ತಾರೆ ಅನ್ನುವ ಪಟ್ಟಿ ಜೊತೆಗಿರಲಿ. ಬದಲಿಸಿದ ಹಳೇ ಭಾಗ ನಿಮಗೇ ತೋರಿಸಬೇಕು.

ಬಹಳ ಜನ ಮರೆಯುವ ಒಂದು ವಿಷಯ: ಕಟ್ಟಡದ ಎ.ಸಿ.ಯನ್ನೆಲ್ಲ ಒಂದೇ ಕಂಪ್ಯೂಟರಿಂದ ನಡೆಸುವ ವ್ಯವಸ್ಥೆ ಇದ್ದರೆ ಅದರ ಪಾಸ್‌ವರ್ಡ್ ನಿಮ್ಮ ಕೈಯಲ್ಲೂ ಇರಬೇಕು. ಇಲ್ಲದಿದ್ದರೆ ಕಂಪನಿ ಬದಲಿಸುವ ದಿನ ನಿಮ್ಮದೇ ಕಟ್ಟಡಕ್ಕೆ ನೀವೇ ಹೊರಗಿನವರು.

7. ಒಂದು ಮಹಡಿ ಕೊಟ್ಟು ನೋಡಿ

ಆರಿಸಿದ ಮೇಲೂ ಇಡೀ ಕಟ್ಟಡ ಒಂದೇ ಸಲ ಕೊಡಬೇಡಿ. ಸಾಧ್ಯವಾದರೆ ಒಂದು ಮಹಡಿಯನ್ನು ಮೂರು ತಿಂಗಳು ಬಿಟ್ಟುಕೊಡಿ. ಮೊದಲ ಸರ್ವಿಸ್ ದಿನ ಹತ್ತಿರ ನಿಂತು, ಕೆಲಸಕ್ಕೆ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ನೀವೇ ಗುರುತು ಮಾಡಿಕೊಳ್ಳಿ. ಮೂರು ತಿಂಗಳಾದ ಮೇಲೆ ಅವರ ರಿಪೋರ್ಟಿನ ಪಕ್ಕ ಇಟ್ಟು ನೋಡಿ.

ಅಲ್ಲಿವರೆಗೆ ಹಳೇ ಕಂಪನಿಯವರ ಜೊತೆ ಜಗಳ ಮಾಡಿಕೊಳ್ಳಬೇಡಿ. ನಿಮ್ಮ ಲಾಗ್‌ಬುಕ್ಕು, ಡ್ರಾಯಿಂಗು, ಬೀಗದ ಕೈ ಎಲ್ಲ ಇನ್ನೂ ಅವರ ಹತ್ತಿರವೇ ಇರುತ್ತದೆ.