ಇಳಕಲ್ ಕಲ್ಲು, ಒಂದು ಸ್ಪ್ರಿಂಗ್, ಧಾರವಾಡದ ಮಳೆ

1967ರ ಡಿಸೆಂಬರ್ 11ರ ನಸುಕಿನಲ್ಲಿ ಭೂಕಂಪಕ್ಕೆ ಮಹಾರಾಷ್ಟ್ರದ ಕೊಯ್ನಾ ನಡುಗಿದಾಗ ಧಾರವಾಡದ ನಮ್ಮ ಮನೆಯ ನಾಗೊಂದಿಗೆಯ ಮೇಲಿದ್ದ ಹಿತ್ತಾಳೆ ಪಾತ್ರೆಗಳು ತಾವಾಗಿಯೇ ಗಣಗಣ ಅಂದಿದ್ದವಂತೆ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಲು ಬಂದ ಮೇಲೆ, ಅಷ್ಟು ದೂರದ ಕಲ್ಲು ಯಾಕೆ ಜಾರಿತು ಎನ್ನುವುದನ್ನು ಮೇಜಿನ ಮೇಲೆ ಮಾಡಿ ನೋಡಬೇಕು ಅನಿಸಿತು.

ಮೊದಲೆಲ್ಲ ಭೂಕಂಪವೆಂದರೆ ಬಂಡೆ ಹೊಸದಾಗಿ ಸೀಳುವುದು ಎಂಬ ತಿಳಿವಳಿಕೆಯೇ ಹೆಚ್ಚಿತ್ತು. 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಎಂಬ ವಿಜ್ಞಾನಿಗಳು ಬೇರೆ ದಾರಿ ತೋರಿಸಿದರು: ಆಗಲೇ ಇರುವ ಬಿರುಕಿನ ಎರಡು ಮೈ ಕಚ್ಚಿಕೊಂಡು ನಿಲ್ಲುತ್ತವೆ, ಒತ್ತಡ ಏರುತ್ತದೆ, ಥಟ್ಟನೆ ಜಾರುತ್ತವೆ, ಮತ್ತೆ ಕಚ್ಚಿಕೊಳ್ಳುತ್ತವೆ. ಗಚ್ಚಿನ ನೆಲದ ಮೇಲೆ ಕಪಾಟು ಜಗ್ಗಿದಾಗ ಗರ್‍ರ್ ಗರ್‍ರ್ ಎಂದು ತಡೆತಡೆದು ಬರುತ್ತದಲ್ಲ, ಅದೇ.

ಕೊಯ್ನಾದಲ್ಲಿ ಸುಮಾರು ಒಂದು ಕಿಲೋಮೀಟರ್ ದಪ್ಪದ, ಲಾವಾ ಗಟ್ಟಿಯಾಗಿ ಆದ ಬಸಾಲ್ಟ್‌ನ ಕೆಳಗಿರುವುದು ಗ್ರಾನೈಟ್ ಜಾತಿಯ ಹಳೆಯ ಬಂಡೆ. ಹಾಗಾಗಿ ನಾನೂ ಗ್ರಾನೈಟನ್ನೇ ಹಿಡಿದೆ. ಹುಬ್ಬಳ್ಳಿಯ ಕಲ್ಲಿನಂಗಡಿಯೊಂದರಲ್ಲಿ ಇಳಕಲ್ ಕೆಂಪು ಗ್ರಾನೈಟಿನ ತುಂಡುಗಳು ಸಿಕ್ಕವು. ಅವಕ್ಕೆ ಕನ್ನಡಿಯಂಥ ಪಾಲಿಶ್ ಇತ್ತು. ಪ್ರಯೋಗಕ್ಕೆ ಆ ನುಣುಪು ಬೇಡ. ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಂ ಎಂಬ ಗಡಸು ಪುಡಿ, ನೀರು ಹಾಕಿ ಎರಡು ದಿನ ತಿಕ್ಕಿ ಮೈ ಒರಟು ಮಾಡಿದೆ. ದೊಡ್ಡ ತುಂಡು ಕೆಳಗೆ, ಸಣ್ಣದು ಮೇಲೆ. ಸಣ್ಣದರ ಮೇಲೆ ತೂಕದ ಕಲ್ಲು ಹೇರಿ ಒಟ್ಟು 20 ಕಿಲೋ ಮಾಡಿದೆ. ನಿಮಿಷಕ್ಕೆ ಒಂದೇ ಸುತ್ತು ತಿರುಗುವ ಮೋಟಾರು, ಥ್ರೆಡ್ ರಾಡ್, ನಡುವೆ ಜಗ್ಗುವ ಬಲ ಅಳೆಯಲು ಲೋಡ್ ಸೆಲ್. ಒಂದು ನಿಮಿಷಕ್ಕೆ ಕಲ್ಲು ಸರಿಯುವುದು ಒಂದೂವರೆ ಮಿಲಿಮೀಟರ್.

ಬಲ 12.6 ಕಿಲೋ ಮುಟ್ಟಿದಾಗ ಕಲ್ಲು ಹೊರಟಿತು. ಘರ್ಷಣಾಂಕ, ಅಂದರೆ ಜಗ್ಗುವ ಬಲವನ್ನು ಮೇಲಿನ ಭಾರದಿಂದ ಭಾಗಿಸಿದ್ದು, 0.63. ಬಹುತೇಕ ಎಲ್ಲ ಜಾತಿಯ ಬಂಡೆಗಳಿಗೂ ಇದು 0.6ರಿಂದ 0.85ರ ಆಸುಪಾಸು ಎಂದು ಬೈಯರ್ಲಿ 1978ರಲ್ಲಿ ಬರೆದಿದ್ದರು, ಹಾಗಾಗಿ ಖುಷಿಯಾಯಿತು. ಆದರೆ ಜಿಗಿತವೇ ಇಲ್ಲ! ಕಲ್ಲು ಎಣ್ಣೆ ಹಚ್ಚಿದಂತೆ ಸುಮ್ಮನೆ ಸರಿಯುತ್ತಿತ್ತು. ಮೈ ಮತ್ತೆ ತಿಕ್ಕಿದೆ, ಪುಡಿ ಒರೆಸಿದೆ, ತುಂಡು ಬದಲಿಸಿದೆ. ಹದಿನೈದು ದಿನ ಹೋಯಿತು.

ಗೋಕುಲ ರೋಡಿನ ಲೇಥ್ ಅಂಗಡಿಯ ಕಾಕಾ ರಾಡ್ ಜೋಡಿಸಿಕೊಟ್ಟವರು. ಒಂದು ದಿನ ಬಂದು ನೋಡಿ ಹೇಳಿದರು: "ಸರ್, ಕಲ್ಲಿಂದೇನೂ ತಪ್ಪಿಲ್ರಿ. ನಿಮ್ಮ ರಾಡ್ ಭಾಳ ಬಿರುಸೈತಿ. ನಡುವ ಒಂದು ಸ್ಪ್ರಿಂಗ್ ಹಾಕ್ರಿ, ಹೆಂಗ ಜಿಗೀತೈತಿ ನೋಡ್ರಿ."

ಅವರ ಮಾತಿನಂತೆ ಸ್ಪ್ರಿಂಗ್ ಹಾಕಿದೆ. ಬಲ ನಿಧಾನ ಏರಿತು, ಏರಿತು... ಟಕ್! ಕಲ್ಲು ಎರಡು ಮೂರು ಮಿಲಿಮೀಟರ್ ಹಾರಿ ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಟಕ್. ಆ ಸದ್ದು ಕೇಳಿ ಮೈ ಝುಂ ಅಂದಿತು. ನಾನು ಪಾಠದಲ್ಲಿ ಹೇಳುತ್ತಲೇ ಇದ್ದೆ: ಬಿರುಕಿನ ಸುತ್ತಲಿನ ನೆಲ ಸ್ಪ್ರಿಂಗಿನಂತೆ ಬಾಗಿ ಶಕ್ತಿ ಕೂಡಿಡುತ್ತದೆ; ಅದು ಮೆತ್ತಗಿದ್ದಷ್ಟೂ ಜಾರುವಿಕೆ ತಡೆಯಿಲ್ಲದೆ ಓಡುತ್ತದೆ, ಬಿರುಸಾಗಿದ್ದರೆ ಮೆಲ್ಲಗೆ ಸರಿದು ಮುಗಿಯುತ್ತದೆ. ಅದು ಕೈಗೆ ತಿಳಿದದ್ದು ಆ ದಿನ. ಕಲ್ಲು ಅದೇ, ತೂಕ ಅದೇ, ಬದಲಾದದ್ದು ಸ್ಪ್ರಿಂಗ್ ಮಾತ್ರ.

ಆಮೇಲೆ ಹಿಡಿದದ್ದು ಕಲ್ಲನ್ನು ನಿಲ್ಲಿಸಿ ಕಾಯುವ ಪ್ರಯೋಗ. ಇದಕ್ಕೆ ಮತ್ತೆ ಬಿರುಸಾದ ರಾಡೇ ಬೇಕು. ಸರಿಯುವ ಕಲ್ಲನ್ನು ನಿಲ್ಲಿಸಿ, 10 ಸೆಕೆಂಡ್, 100 ಸೆಕೆಂಡ್, 1000 ಸೆಕೆಂಡ್ ಬಿಟ್ಟು ಮತ್ತೆ ಜಗ್ಗುವುದು. ನಿಂತಷ್ಟು ಹೊತ್ತು ಹಿಡಿತ ಬಿಗಿಯಾಗುತ್ತದೆ, ಕಾಲ ಹತ್ತು ಪಟ್ಟಾದಾಗಲೆಲ್ಲ ಒಂದೇ ಅಳತೆಯಲ್ಲಿ ಏರುತ್ತದೆ ಎಂದು 1970ರ ದಶಕದಲ್ಲಿ ಡೀಟರಿಕ್ ಎಂಬ ವಿಜ್ಞಾನಿ ತೋರಿಸಿದ್ದರು. ಎರಡು ಕಲ್ಲು ನಿಜವಾಗಿ ತಾಗುವುದು ಕೆಲವೇ ಮೊನೆಗಳಲ್ಲಿ. ಭಾರಕ್ಕೆ ಆ ಮೊನೆಗಳು ಮೆಲ್ಲಗೆ ಹರಡಿಕೊಳ್ಳುತ್ತವೆ, ಬೆಸುಗೆಯೂ ಗಟ್ಟಿಯಾಗುತ್ತದೆ. ಏಪ್ರಿಲ್‌ನಲ್ಲಿ ಕಲ್ಲು ಹೊರಡಲು ಬೇಕಾದ ಬಲದಲ್ಲಿ ನನಗೆ ಸಿಕ್ಕ ಏರಿಕೆ ಪ್ರತಿ ಹತ್ತು ಪಟ್ಟಿಗೆ ಸುಮಾರು 100 ಗ್ರಾಂ.

ಜುಲೈನಲ್ಲಿ ಅದೇ ಕಲ್ಲು 200 ಗ್ರಾಂ ತೋರಿಸತೊಡಗಿತು. ಲೋಡ್ ಸೆಲ್ ಕೆಟ್ಟಿದೆ ಎಂದು ಹೊಸದು ತಂದೆ. ಮತ್ತೆ 200. ಹೊರಗೆ ಧಾರವಾಡದ ಜಿಟಿಜಿಟಿ ಮಳೆ; ಪ್ರಯೋಗಾಲಯದ ಕಿಟಕಿ ಉಬ್ಬಿ ಮುಚ್ಚಲು ಬಾರದಂತಾಗಿತ್ತು. ಆ ಕಿಟಕಿಯನ್ನು ಗುದ್ದುತ್ತಿದ್ದಾಗಲೇ ತಲೆಗೆ ಹೊಳೆದದ್ದು: ಕಲ್ಲೂ ತೇವ ಹೀರುತ್ತಿದೆ! ಡೀಟರಿಕ್ ಮತ್ತು ಕಾನ್ರಾಡ್ 1984ರಲ್ಲಿ ಬರೆದದ್ದನ್ನು ಮತ್ತೆ ತೆಗೆದು ಓದಿದೆ: ಕಲ್ಲನ್ನು ಪೂರ್ತಿ ಒಣಗಿಸಿ ತೇವವಿಲ್ಲದ ಅನಿಲದಲ್ಲಿಟ್ಟರೆ ಈ ಬಿಗಿಯಾಗುವ ಗುಣವೇ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಇಡೀ ಯಂತ್ರಕ್ಕೆ ಅಕ್ರಿಲಿಕ್ ಪೆಟ್ಟಿಗೆ ಮುಚ್ಚಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮೂರು ದಿನ ಬಿಟ್ಟೆ. ಏರಿಕೆ 110 ಗ್ರಾಂಗೆ ಇಳಿಯಿತು. ಈ ಕೆಲಸ ಮಾಡುವವರಿಗೆ ನನ್ನ ಕೋರಿಕೆ ಒಂದೇ: ಪ್ರತಿ ಅಳತೆಯ ಪಕ್ಕದಲ್ಲಿ ಗಾಳಿಯ ತೇವಾಂಶ ಬರೆದಿಡಿ. ನಾನು ಬರೆದಿಡದ್ದಕ್ಕೆ ಏಪ್ರಿಲ್‌ನ ಅಷ್ಟೂ ಅಳತೆಗಳನ್ನು ಮತ್ತೆ ಮಾಡಬೇಕಾಯಿತು.

ಪೆಟ್ಟಿಗೆ ತೆಗೆದು, ಮಳೆಯ ಗಾಳಿಯಲ್ಲೇ ಒಂದು ಶನಿವಾರ ಸಂಜೆ ಆರಕ್ಕೆ ಮೋಟಾರು ನಿಲ್ಲಿಸಿದೆ. 10 ಸೆಕೆಂಡ್ ನಿಲ್ಲಿಸಿದಾಗ 12.6 ಕಿಲೋ ಇದ್ದ ಬಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಷ್ಟಾಗಬೇಕೆಂದು ಗ್ರಾಫಿನ ಗೆರೆ ಮುಂದೆ ಎಳೆದು, ಹಲಗೆಯ ಮೇಲೆ ವಿದ್ಯಾರ್ಥಿಗಳ ಎದುರೇ 13.4 ಎಂದು ಬರೆದೆ. ಸೋಮವಾರ ಎಂಟೂವರೆಗೇ ಹುಡುಗರು ಬಂದು ನಿಂತಿದ್ದರು. ಮೋಟಾರು ಹಚ್ಚಿದೆವು. 12.9, 13.1, 13.3. ಯಾರೂ ಮಾತಾಡಲಿಲ್ಲ. ಕಲ್ಲು ಹೊರಟಾಗ ಲೋಡ್ ಸೆಲ್ ತೋರಿಸಿದ್ದು 13.45.