ಡಿಬೇಸ್‌ನ ಲೆಕ್ಕ, ಲೋಟಸ್‌ನ ಗೆರೆ, ಫೋರ್ಟ್ ಹೋಟೆಲಿನ ಹಾಲು

ಲೆಕ್ಕದ ದಾಖಲೆ ಇಡುವ ಪ್ರೋಗ್ರಾಂ ಡಿಬೇಸ್ ಚಿತ್ರ ಬಿಡಿಸುವುದಿಲ್ಲ. ಅಂಕಿಯ ಕೋಷ್ಟಕದಿಂದ ಗ್ರಾಫ್ ಎಳೆಯುವ ಲೋಟಸ್‌ನಲ್ಲಿ ಅಷ್ಟು ಲೆಕ್ಕ ಹಿಡಿಸುವುದಿಲ್ಲ. ಹೋಟೆಲಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಗ್ರಾಫ್ ಮಾಡುವುದು ಹೇಗೆ ಅಂತ 1989ರಲ್ಲಿ ನಾನು ಕೇಳಿದವರೆಲ್ಲ ಈ ಎರಡು ಮಾತು ಹೇಳಿ ಕೈ ತೊಳೆದುಕೊಂಡರು. ಲ್ಯಾಮಿಂಗ್ಟನ್ ರೋಡಿನಲ್ಲಿ ನಮಗೆ ಕಂಪ್ಯೂಟರ್ ಮಾರಿದವನು ಹೇಳಿದ. ಸಿಎ ಆಫೀಸಿನ ಹುಡುಗ ಹೇಳಿದ. ಧಣಿಗಳ ಅಳಿಯ ಇಂಜಿನಿಯರಿಂಗ್ ಓದಿದವರು, ಅವರೂ ಅದನ್ನೇ ಹೇಳಿದರು. ಎರಡು ಮಾತೂ ನಿಜ. ಆದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದವರು ಯಾರೂ ಇರಲಿಲ್ಲ. ಆ ಕೆಲಸ ನಾನು ಮಾಡಿದೆ. ಫೋರ್ಟ್ ಹೋಟೆಲಿನಲ್ಲಿ ವಾರವಾರವೂ ಚರಂಡಿಗೆ ಹೋಗುತ್ತಿದ್ದ ಹಾಲು ಅದರಿಂದಲೇ ನಿಂತಿತು.

ನಮ್ಮ ಧಣಿಗಳಿಗೆ ಮುಂಬೈಯಲ್ಲಿ ಆಗ ಮೂರು ಹೋಟೆಲ್. ಮಾಟುಂಗ, ಚೆಂಬೂರು, ಫೋರ್ಟ್. ಮೂರೂ ಉಡುಪಿ ಹೋಟೆಲ್, ಇಡ್ಲಿ, ದೋಸೆ, ಕಾಫಿ. ಲೆಕ್ಕ ನನ್ನದು. ಸೆಕೆಂಡ್ ಹ್ಯಾಂಡ್ ಎಕ್ಸ್‌ಟಿ ಕಂಪ್ಯೂಟರ್ ಒಂದನ್ನು ಹದಿನಾರೋ ಹದಿನೇಳೋ ಸಾವಿರಕ್ಕೆ ತಂದಿದ್ದೆವು. 640 ಕೆಬಿ ಮೆಮೊರಿ, 20 ಎಂಬಿ ಹಾರ್ಡ್ ಡಿಸ್ಕ್, 9 ಪಿನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಡಿಬೇಸ್ 3 ಪ್ಲಸ್‌ನಲ್ಲಿ ದಿನದ ಖರೀದಿ ಮತ್ತು ಮಾರಾಟ ಏರಿಸುತ್ತಿದ್ದೆ. ಹೋಟೆಲಿಗೆ ದಿನಕ್ಕೆ ಹನ್ನೆರಡು ಹದಿಮೂರು ಐಟಂ. ಒಂದು ಐಟಂಗೆ ಒಂದು ಸಾಲು, ಅದೇ ಒಂದು ರೆಕಾರ್ಡ್. ಮೂರೂ ಹೋಟೆಲ್ ಸೇರಿ ವರ್ಷಕ್ಕೆ 13-14 ಸಾವಿರ ರೆಕಾರ್ಡ್ ಆಗುತ್ತದೆ.

ಮೊದಲು ಡಿಬೇಸ್‌ನಲ್ಲೇ ಗೆರೆ ಎಳೆಯಲು ಹೋದೆ. ಅದರಲ್ಲಿ ರೆಪ್ಲಿಕೇಟ್ ಅಂತ ಒಂದು ಫಂಕ್ಷನ್, ಒಂದೇ ಅಕ್ಷರವನ್ನು ಬೇಕಾದಷ್ಟು ಸಲ ಬರೆಯುತ್ತದೆ. ಸೇಲ್ಸ್ ಅನ್ನು ನೂರರಿಂದ ಭಾಗಿಸಿ ಅಷ್ಟು ನಕ್ಷತ್ರ ಬರೆಸಿದೆ. ನಕ್ಷತ್ರ ಚೆನ್ನಾಗಿ ಕಾಣಲಿಲ್ಲ ಅಂತ ತುಂಬಿದ ಚೌಕ ಹಾಕಿದೆ, ಅಂದರೆ ಸಿಎಚ್‌ಆರ್ 219, ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಅದರ ನಂಬರು. ಪರದೆಯಲ್ಲಿ ಅಂದವಾಗಿ ಬಂತು. ಪ್ರಿಂಟ್ ಕೊಟ್ಟರೆ ಸಾಲಿನ ತುಂಬ ಓರೆಯಾದ ಚೌಕ ಬ್ರಾಕೆಟ್! ಎಪ್ಸನ್ ಜಾತಿಯ ಪ್ರಿಂಟರ್‌ನಲ್ಲಿ 128ರ ಮೇಲಿನ ಜಾಗದಲ್ಲಿ ಇಟಾಲಿಕ್ ಅಕ್ಷರ ಕೂತಿರುತ್ತವೆ. 219ರಲ್ಲಿ 128 ಕಳೆದರೆ 91, ಅದೇ ಆ ಬ್ರಾಕೆಟ್. ಇದು ಗೊತ್ತಾಗಲಿಕ್ಕೆ ನನಗೆ ಒಂದು ವಾರ ಮತ್ತು ಅರ್ಧ ರಿಬ್ಬನ್ ಬೇಕಾಯಿತು. ಆ ದಾರಿ ಬಿಟ್ಟೆ.

ಆಮೇಲೆ ಲೋಟಸ್ 1-2-3, ರಿಲೀಸ್ 2. ಡಿಬೇಸ್‌ನ ಇಡೀ ಡಿಬಿಎಫ್ ಫೈಲನ್ನು ಟ್ರಾನ್ಸ್‌ಲೇಟ್ ಮಾಡಿ ತರಲು ನೋಡಿದೆ. ಅದರಲ್ಲಿ ಇರುವುದೇ 8192 ಸಾಲು. ಅಷ್ಟು ಸಾಲು ತುಂಬುವ ಮೊದಲೇ ಮೆಮೊರಿ ಮುಗಿಯಿತು. ಎಲ್ಲರೂ ಇಲ್ಲೇ ನಿಂತು ವಾಪಸ್ ಹೋಗುವುದು. ರೆಕಾರ್ಡುಗಳನ್ನೆಲ್ಲ ಲೋಟಸ್‌ಗೆ ತರಲೇಬಾರದು. ಕೂಡುವುದು ಡಿಬೇಸ್‌ನ ಕೆಲಸ, ಎಳೆಯುವುದು ಲೋಟಸ್‌ನ ಕೆಲಸ. ಮಧ್ಯದಲ್ಲಿ ದಾಟುವುದು ಹತ್ತೋ ಹನ್ನೆರಡೋ ಸಾಲು ಮಾತ್ರ.

ಅಂದರೆ ಡಿಬೇಸ್‌ನಲ್ಲಿ ಇಂಡೆಕ್ಸ್ ಮಾಡಿ ಸಾಲುಗಳನ್ನು ಕ್ರಮದಲ್ಲಿ ಜೋಡಿಸಿ, ಒಂದೊಂದು ಗುಂಪನ್ನು ಕೂಡುವ ಟೋಟಲ್ ಆನ್ ಕೊಡುವುದು. ಸಣ್ಣ ಫೈಲ್ ಬರುತ್ತದೆ. ಅದನ್ನು ಕಾಪಿ ಮಾಡುವಾಗ ಟೈಪ್ ಡಬ್ಲ್ಯೂಕೆಎಸ್ ಅಂದರೆ ಲೋಟಸ್ ನೇರವಾಗಿ ಓದುತ್ತದೆ. ಹೇಳಲು ಸುಲಭ, ಅಲ್ವಾ? ಇದರಲ್ಲಿ ನಾನು ಮೂರು ಸಲ ಬಿದ್ದೆ.

ಮೊದಲನೆಯದು ತಿಂಗಳ ಹೆಸರು. ತಾರೀಕಿನಿಂದ ತಿಂಗಳ ಹೆಸರು ಕೊಡುವ ಸಿಮಂತ್ ಹಾಕಿ ಇಂಡೆಕ್ಸ್ ಮಾಡಿದೆ. ಗ್ರಾಫ್‌ನಲ್ಲಿ ಏಪ್ರಿಲ್ ಮೊದಲು ಬಂತು, ಆಮೇಲೆ ಆಗಸ್ಟ್! ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿತ್ತು. ವರ್ಷ ಮತ್ತು ತಿಂಗಳ ಅಂಕಿಯನ್ನು ಎಸ್‌ಟಿಆರ್ ಹಾಕಿ ಅಕ್ಷರವಾಗಿ ಮಾಡಿ ಸೇರಿಸಿದ ಮೇಲೆ ಸರಿಯಾಯಿತು.

ಎರಡನೆಯದು ಫೀಲ್ಡಿನ ಅಗಲ, ಅಂದರೆ ಅಂಕಿ ಬರೆಯುವ ಕಾಲಮ್ಮಿನ ಅಗಲ. ದಿನಕ್ಕೆ ಮಾರುವ ಕಾಫಿ ಎರಡು ಸಾವಿರ ಕಪ್ ಅಂತ ನಾಲ್ಕು ಅಂಕಿಯ ಜಾಗ ಇಟ್ಟಿದ್ದೆ. ತಿಂಗಳ ಮೊತ್ತ ಐವತ್ತು ಸಾವಿರ ದಾಟುತ್ತದೆ. ಟೋಟಲ್ ಫೈಲಿನ ಫೀಲ್ಡೂ ಅಷ್ಟೇ ಅಗಲ. ಲಿಸ್ಟ್ ಮಾಡಿದರೆ ಬರೀ ನಕ್ಷತ್ರ.

ಮೂರನೆಯದು ಇದನ್ನು ಸರಿಮಾಡಲು ಹೋಗಿ ಆದದ್ದು. ಈಗಲೂ ನೆನಪಾದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮಾಡಿಫೈ ಸ್ಟ್ರಕ್ಚರ್‌ಗೆ ಹೋಗಿ ಫೀಲ್ಡ್ ಅಗಲ ಮಾಡಿದೆ. ಹೋದಲ್ಲೇ ಹೆಸರನ್ನೂ ಬದಲಿಸಿದೆ. ಒಂದೇ ಸಲಕ್ಕೆ ಎರಡನ್ನೂ ಬದಲಿಸಿದರೆ ಹಳೆಯ ಅಂಕಿ ಹೊಸ ಫೀಲ್ಡಿಗೆ ಬರುವುದಿಲ್ಲ. ನಾಲ್ಕು ತಿಂಗಳು ಏರಿಸಿದ್ದ ಪ್ರಮಾಣವೆಲ್ಲ ಖಾಲಿ. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯದಿಂದ ಫ್ಲಾಪಿ ತೆಗೆದೆ. ಜುಲೈ ತಿಂಗಳು. ಮುಂಬೈ ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ಐದೂಕಾಲು ಇಂಚಿನ ಫ್ಲಾಪಿಯ ಕಿಂಡಿಯಲ್ಲಿ ನೋಡಿದರೆ ಬೂದು ಬಣ್ಣದ ಬೂಷ್ಟು. ಅಬಾರ್ಟ್, ರೀಟ್ರೈ ಅಂತ ಪರದೆ ಕೇಳುತ್ತಲೇ ಇತ್ತು. ಹತ್ತು ರಾತ್ರಿ ಕೂತು ಹೋಟೆಲಿನ ಪುಸ್ತಕ ನೋಡಿ ನಾಲ್ಕೂವರೆ ಸಾವಿರ ಅಂಕಿ ಮತ್ತೆ ಏರಿಸಿದೆ. ಅಂದಿನಿಂದ ಫ್ಲಾಪಿಗಳನ್ನು ಒಣ ಡಬ್ಬದಲ್ಲಿ ಹಾಕಿ, ಕಾಫಿ ಪುಡಿ ಇಡುವ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟೆ. ಉಗ್ರಾಣದಲ್ಲಿ ಅತಿ ಒಣಗಿದ ಜಾಗ ಅದೇ. ಆಮೇಲೆ ಒಂದೂ ಕೆಡಲಿಲ್ಲ.

ಇಷ್ಟಾದ ಮೇಲೆ ಲೋಟಸ್‌ನಲ್ಲಿ ವ್ಯೂ ಒತ್ತಿದರೆ ಗ್ರಾಫ್ ಕಾಣಲಿಲ್ಲ. ನಮ್ಮದು ಬರೀ ಅಕ್ಷರ ತೋರಿಸುವ ಮಾನೋಕ್ರೋಮ್ ಕಾರ್ಡ್. ಚಿತ್ರವನ್ನೂ ತೋರಿಸುವ ಹರ್ಕ್ಯುಲಿಸ್ ಕಾರ್ಡ್ ಬೇಕು, 720ಕ್ಕೆ 348 ಚುಕ್ಕಿಯದ್ದು. ಆಗ ಸುಮಾರು 1,200 ರೂಪಾಯಿ. ಧಣಿಗಳ ಮುಂದೆ ಹೋಗಿ ನಿಂತೆ.

"ಇದೆಂತ ಮಾರಾಯ, ಗೆರೆ ಎಳೆಯಲಿಕ್ಕೆ ಇಷ್ಟು ದುಡ್ಡಾ?" ಅಂದರು.

"ಆರು ತಿಂಗಳಲ್ಲಿ ವಾಪಸ್ ಬರದಿದ್ದರೆ ನನ್ನ ಸಂಬಳದಲ್ಲಿ ಹಿಡಿಯಿರಿ ಧಣಿ" ಅಂದೆ.

ಕೊಟ್ಟರು. ಕಾರ್ಡ್ ಹಾಕಿ, ಲೋಟಸ್‌ನ ಇನ್‌ಸ್ಟಾಲ್‌ನಲ್ಲಿ ಡ್ರೈವರ್ ಬದಲಿಸಿದ ಮೇಲೆ ಮೊದಲ ಗೆರೆ ಕಂಡಿತು. ಹಸಿರು ಪರದೆ, ಕಪ್ಪು ಹಿನ್ನೆಲೆ, ಮೂರು ಹೋಟೆಲಿನ ಮೂರು ಗೆರೆ. ಆ ರಾತ್ರಿ ಸುಮಾರು ಒಂದು ಗಂಟೆ ಅದನ್ನೇ ನೋಡುತ್ತ ಕೂತಿದ್ದೆ.

ಆದರೆ ಆ ಗ್ರಾಫ್‌ನಿಂದ ಏನೂ ಗೊತ್ತಾಗಲಿಲ್ಲ. ಹಾಲು, ಕಪ್ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ನೋಡಿದೆ. ಹಾಲು ಲೀಟರ್‌ನಲ್ಲಿ ನೂರೈವತ್ತು, ಕಪ್ ಎರಡು ಸಾವಿರ. ಲೋಟಸ್‌ನಲ್ಲಿ ವೈ ಅಕ್ಷ ಒಂದೇ. ಕಾಫಿ ಕಪ್‌ಗಳ ಗೆರೆ ಮೇಲೆ ಹೋಯಿತು, ಹಾಲಿನ ಗೆರೆ ನೆಲಕ್ಕೆ ಅಂಟಿಕೊಂಡಿತು. ತಿಂಗಳ ಮೊತ್ತ ತೋರಿಸಿದಾಗ ಧಣಿಗಳು ಹೇಳಿದ್ದು ಇಷ್ಟೇ: "ಮೇ ತಿಂಗಳಲ್ಲಿ ವ್ಯಾಪಾರ ಕಡಿಮೆ ಅಂತ ನನಗೆ ಗೊತ್ತುಂಟು."

ಸರಿಯಾದ ಮಾತು. ಗೊತ್ತಿದ್ದದ್ದನ್ನೇ ಚಿತ್ರ ಮಾಡಿ ತೋರಿಸಿದರೆ ಏನು ಬಂತು? ಅವತ್ತು ಎರಡು ವಿಷಯ ಬದಲಿಸಿದೆ. ಹಾಲನ್ನೂ ಕಪ್ಪನ್ನೂ ಬೇರೆ ಬೇರೆ ಎಳೆಯುವುದು ಬಿಟ್ಟು, ಲೀಟರಿಗೆ ಎಷ್ಟು ಕಪ್ ಅಂತ ಒಂದೇ ಗೆರೆ ಎಳೆದೆ. ತಿಂಗಳ ಮೊತ್ತ ಬಿಟ್ಟು ವಾರದ ಮೊತ್ತ ಹಿಡಿದೆ. ಇಲ್ಲಿ ವಾರ ಅಂದರೆ ಏಳು ದಿನ ಅಲ್ಲ, ಸೋಮವಾರಗಳೆಲ್ಲ ಒಂದು ಕಡೆ, ಭಾನುವಾರಗಳೆಲ್ಲ ಒಂದು ಕಡೆ. ವಾರ ಅಂತ ಒಂದು ಫೀಲ್ಡ್ ಸೇರಿಸಿ ರಿಪ್ಲೇಸ್ ಆಲ್ ಕೊಟ್ಟು, ತಾರೀಕಿನಿಂದ ವಾರದ ಅಂಕಿ ಕೊಡುವ ಡಿಒಡಬ್ಲ್ಯೂ ತುಂಬಿಸಿದೆ. ಅದರಲ್ಲಿ ಭಾನುವಾರ ಅಂದರೆ 1, ಶನಿವಾರ 7. ಅಂಕಿಯಾದ್ದರಿಂದ ಜೋಡಣೆಯ ತಾಪತ್ರಯವೂ ಇಲ್ಲ. ಹೋಟೆಲಿಗೆ ಏಳೇ ಸಾಲು.

ಮಾಟುಂಗದ ಗೆರೆ ಸಪಾಟು, ಲೀಟರಿಗೆ 13ರ ಆಸುಪಾಸು. ಚೆಂಬೂರೂ ಹಾಗೆಯೇ. ಫೋರ್ಟ್ ಸೋಮವಾರದಿಂದ ಶನಿವಾರದವರೆಗೆ 13. ಭಾನುವಾರ ಆರೋ ಆರೂವರೆಯೋ! ಬಾವಿಗೆ ಬಿದ್ದ ಹಾಗೆ ಗೆರೆ ಕೆಳಗೆ ಹೋಗಿತ್ತು.

ಫೋರ್ಟಿನಲ್ಲಿ ಭಾನುವಾರ ಆಫೀಸುಗಳಿಲ್ಲ. ಐನೂರು ಕಪ್ ಹೋದರೆ ಹೆಚ್ಚು. ಅದಕ್ಕೆ ನಲವತ್ತು ಲೀಟರ್ ಸಾಕು. ಅಲ್ಲಿಯ ಮ್ಯಾನೇಜರು ದಿನದ ಅರ್ಧ ಅಂತ ಎಪ್ಪತ್ತೈದು ತರಿಸುತ್ತಿದ್ದರು. ಅರ್ಧ ಮಾಡಿದ್ದೇನಲ್ಲ ಅನ್ನುವ ಸಮಾಧಾನ ಅವರಿಗೆ. ಉಳಿದ ಹಾಲನ್ನು ಹೆಪ್ಪು ಹಾಕುತ್ತಿದ್ದರು. ಸೋಮವಾರ ಅಷ್ಟು ಮೊಸರು ಖರ್ಚಾಗದೆ ಹುಳಿಯಾಗಿ ಚರಂಡಿಗೆ. ತಿಂಗಳ ಮೊತ್ತದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ, ಇಪ್ಪತ್ತಾರು ಒಳ್ಳೆಯ ದಿನಗಳ ಕೆಳಗೆ ನಾಲ್ಕು ಕೆಟ್ಟ ದಿನ ಮುಚ್ಚಿಹೋಗುತ್ತಿದ್ದವು. ಮುಂದಿನ ಭಾನುವಾರದಿಂದ ನಲವತ್ತೇ ಲೀಟರ್. ತಿಂಗಳಿಗೆ ಸಾವಿರ ರೂಪಾಯಿಯ ಹತ್ತಿರ ಉಳಿಯಿತು. ಕಾರ್ಡ್, ರಿಬ್ಬನ್, ಕಾಗದ ಎಲ್ಲ ಸೇರಿ ನಾನು ಖರ್ಚು ಮಾಡಿದ್ದು ಎರಡೂವರೆ ಸಾವಿರ ಇರಬೇಕು. ಮೂರು ತಿಂಗಳಲ್ಲಿ ಬಂತು. ಸಂಬಳ ಹಿಡಿಯಲಿಲ್ಲ, ಜಾಸ್ತಿ ಮಾಡಿದರು.

ಲೋಟಸ್‌ನಲ್ಲಿ ಗ್ರಾಫ್ ಮಾಡುವವರಿಗೆ ಇನ್ನೆರಡು ಮಾತು. ಸ್ಕೇಲನ್ನು ಆಟೊಮ್ಯಾಟಿಕ್‌ನಲ್ಲಿ ಬಿಡಬೇಡಿ. ಒಂದೊಂದು ಹೋಟೆಲಿಗೆ ಒಂದೊಂದು ಅಳತೆ ಬಂದು, ಸಣ್ಣ ಏರಿಳಿತವೂ ಬೆಟ್ಟದ ಹಾಗೆ ಕಾಣುತ್ತದೆ. ಮೂರಕ್ಕೂ ಕೆಳಗೆ 0, ಮೇಲೆ 16 ಅಂತ ಮ್ಯಾನ್ಯುಯಲ್ ಇಟ್ಟೆ. ಮತ್ತೆ, ಗ್ರಾಫ್ ನೇಮ್ ಕ್ರಿಯೇಟ್ ಮಾಡಿದರೆ ಸಾಲದು, ಆಮೇಲೆ ಫೈಲ್ ಸೇವ್ ಕೊಡಲೇಬೇಕು. ಹದಿನೆಂಟು ಗ್ರಾಫ್‌ಗೆ ಹೆಸರು ಕೊಟ್ಟು ಕ್ವಿಟ್ ಮಾಡಿದ ಸಂಜೆ ನಾನು ಊಟ ಮಾಡಲಿಲ್ಲ. ಗ್ರಾಫ್ ಸೇವ್ ಬೇರೆ. ಅದು ಗ್ರಾಫ್ ಪ್ರಿಂಟ್ ಮಾಡುವ ಪ್ರಿಂಟ್‌ಗ್ರಾಫ್ ಪ್ರೋಗ್ರಾಂಗೆ ಬೇಕಾದ ಪಿಐಸಿ ಫೈಲ್ ಮಾತ್ರ ಬರೆಯುತ್ತದೆ. ಅದು ಆ ಹೊತ್ತಿನ ಫೋಟೊ, ಅಂಕಿ ಬದಲಾದರೆ ಅದು ಬದಲಾಗುವುದಿಲ್ಲ.

ಪ್ರಿಂಟ್‌ಗ್ರಾಫ್ ನಿಧಾನ. ಹೆಚ್ಚು ಡೆನ್ಸಿಟಿ ಇಟ್ಟರೆ ಒಂದು ಗ್ರಾಫ್‌ಗೆ ಹತ್ತು ನಿಮಿಷ, ಪ್ರಿಂಟರಿನ ತಲೆ ಮುಟ್ಟಿದರೆ ಬೆರಳು ಸುಡುತ್ತದೆ. ಹಾಗಾಗಿ ಧಣಿಗಳಿಗೆ ಪರದೆಯಲ್ಲೇ ತೋರಿಸುವ ವ್ಯವಸ್ಥೆ ಮಾಡಿದೆ. ಗ್ರಾಫ್ ನೇಮ್ ಯೂಸ್ ಅನ್ನು ಮ್ಯಾಕ್ರೋದಲ್ಲಿ, ಅಂದರೆ ತಾನಾಗಿ ನಡೆಯುವ ಆದೇಶಗಳ ಪಟ್ಟಿಯಲ್ಲಿ, ಸಾಲಾಗಿ ಬರೆದರೆ, ಒಂದು ಕೀ ಒತ್ತಿದಂತೆ ಒಂದೊಂದು ಗ್ರಾಫ್ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿರಬಹುದು. ಹಿಂದಿನ ತಿಂಗಳ ಗೆರೆ ಮತ್ತು ಈ ತಿಂಗಳ ಗೆರೆ ಒಂದೇ ಜಾಗದಲ್ಲಿ ಬದಲಾಗಿ ಕಾಣುವ ಹಾಗೆ ಎರಡು ಸಾಲು ಬರೆದಿದ್ದೆ. ಅದನ್ನು ಧಣಿಗಳ ಅಳಿಯನಿಗೂ ಹೇಳಿರಲಿಲ್ಲ, ಇಲ್ಲೂ ಹೇಳುವುದಿಲ್ಲ. ಪೈ ಚಾರ್ಟಿನದ್ದು ಬೇಕಾದರೆ ಹೇಳುತ್ತೇನೆ. ಒಂದೊಂದು ತುಂಡಿಗೆ ಯಾವ ಗೀಟು ತುಂಬಬೇಕು ಅಂತ ಬಿ ರೇಂಜಿನಲ್ಲಿ ಅಂಕಿ ಕೊಡುತ್ತೇವೆ, ಆ ಅಂಕಿಗೆ 100 ಸೇರಿಸಿದರೆ ಆ ತುಂಡು ಹೊರಗೆ ಜರುಗಿ ನಿಲ್ಲುತ್ತದೆ. ಖರ್ಚಿನಲ್ಲಿ ತೆಂಗಿನಕಾಯಿ ಎಷ್ಟು ಅಂತ ತೋರಿಸಲು ಇದಕ್ಕಿಂತ ಚೆನ್ನಾದದ್ದು ಇಲ್ಲ.

ಕನ್ನಡದಲ್ಲಿ ಹೆಸರು ಬರಬೇಕು ಅಂತ ಧಣಿಗಳ ಆಸೆ. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಬಗ್ಗೆ ವಿಚಾರಿಸಿದೆ. ಬೆಲೆ ಕೇಳಿ ಸುಮ್ಮನಾದೆ. ಪ್ರಿಂಟ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹಾಲು, ಕಾಫಿ, ಸೋಮ, ಮಂಗಳ ಅಂತ ನಾನೇ ಬರೆದೆ. ನನ್ನ ಅಕ್ಷರ ಒಳ್ಳೆಯದು.

ಕೈ ಪಳಗಿದ ಮೇಲೆ ಬೇರೆ ಪ್ರಯೋಗವೂ ಮಾಡಿದೆ. ಮಳೆ ಜಾಸ್ತಿ ಬಂದ ದಿನ ಭಜಿ ಜಾಸ್ತಿ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೇಪರಿನಲ್ಲಿ ಬರುವ ಕೊಲಾಬಾದ ಮಳೆಯ ಅಂಕಿಯನ್ನು ಎರಡು ತಿಂಗಳು ಏರಿಸಿ, ಎಕ್ಸ್‌ವೈ ಗ್ರಾಫ್ ಹಾಕಿ, ಚುಕ್ಕಿಗಳ ನಡುವೆ ನೇರ ಗೆರೆ ಹೊಂದಿಸುವ ಡೇಟಾ ರಿಗ್ರೆಶನ್ ಕೂಡ ಕೊಟ್ಟೆ. ಚುಕ್ಕಿಗಳು ಚೆಲ್ಲಾಪಿಲ್ಲಿ. ಸ್ವಲ್ಪ ಮಳೆಗೆ ಭಜಿ ಏರುತ್ತದೆ, ಲೋಕಲ್ ಟ್ರೇನ್ ನಿಲ್ಲುವಷ್ಟು ಬಂದರೆ ಹೋಟೆಲಿಗೆ ಬರುವವರೇ ಇಲ್ಲ. ನೇರ ಗೆರೆಗೆ ಅದು ಸಿಗುವುದಿಲ್ಲ. ಆದರೆ ಸಂಕಷ್ಟಿಯ ಗ್ರಾಫ್ ಬಹಳ ಚೆನ್ನಾಗಿ ಬಂತು. ಮುಂಬೈಯಲ್ಲಿ ಅವತ್ತು ಉಪವಾಸದವರು ಜಾಸ್ತಿ. ಮಾಟುಂಗದಲ್ಲಿ ಸಂಕಷ್ಟಿ ದಿನ ಇಡ್ಲಿ ಕಾಲುಭಾಗ ಇಳಿಯುತ್ತಿತ್ತು, ಸಾಬೂದಾನ ವಡೆ ಎರಡು ಪಟ್ಟು. ಮಂಗಳವಾರ ಬರುವ ಅಂಗಾರಕಿ ಆದರೆ ಮೂರು ಪಟ್ಟು. ಪಂಚಾಂಗ ನೋಡಿ ಹಿಂದಿನ ದಿನ ಉದ್ದು ನೆನೆಸುವುದನ್ನು ಕಡಿಮೆ ಮಾಡಿಸಿದೆ. ಭಟ್ಟರು ಮೊದಲು ಒಪ್ಪಲಿಲ್ಲ. ಎರಡು ಸಂಕಷ್ಟಿಯಲ್ಲಿ ಹಿಟ್ಟು ಉಳಿಯದೆ ಹೋದ ಮೇಲೆ ಅವರೇ ಬಂದು ಮುಂದಿನದು ಯಾವತ್ತು ಅಂತ ಕೇಳತೊಡಗಿದರು.

ಆಮೇಲೆ ಧಣಿಗಳು ತೆಂಗಿನಕಾಯಿಯ ಗೆರೆ ಕೇಳಿದರು. ಅದನ್ನು ಹಾಕಿದೆ, ಅದು ತಿಂಗಳಿನಿಂದ ತಿಂಗಳಿಗೆ ಕುಣಿಯಿತು. ಕಳವು ಅಂತ ಎಲ್ಲರಿಗೂ ಅನುಮಾನ. ನಾನು ಪುಸ್ತಕ ತೆಗೆದು ನೋಡಿದೆ. ನಾವು ಕಾಯಿಯನ್ನು ಎಣಿಸಿ ಬರೆಯುತ್ತಿದ್ದೆವು, ತೂಗಿ ಅಲ್ಲ. ದೊಡ್ಡ ಕಾಯಿ ಬಂದ ತಿಂಗಳು ಕಡಿಮೆ, ಸಣ್ಣದು ಬಂದ ತಿಂಗಳು ಜಾಸ್ತಿ. ಉಗ್ರಾಣದ ಹುಡುಗನಿಗೆ ತಕ್ಕಡಿ ಕೊಟ್ಟು, ಪ್ರತಿ ಲೋಡಿನಲ್ಲಿ ಹತ್ತು ಕಾಯಿ ಒಡೆದು ತುರಿ ತೂಗಿ ಬರೆ ಅಂದೆ. ತೂಕ ಅಂತ ಹೊಸ ಫೀಲ್ಡ್ ಸೇರಿಸಿದೆ. ಈ ಸಲ ಬೇರೆ ಯಾವುದರ ಹೆಸರನ್ನೂ ಮುಟ್ಟಲಿಲ್ಲ.