ಹಸುಗೂಸಿನ ಮಧುಮೇಹ: ಇನ್ಸುಲಿನ್ ಸೂಜಿಯಿಂದ ಗುಳಿಗೆಗೆ

ಪುಣೆಯಲ್ಲಿ ಮಕ್ಕಳ ಹಾರ್ಮೋನು ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ನಾನು, ಮಧುಮೇಹವಿರುವ ಯಾವ ಮಗು ಬಂದರೂ ಮೊದಲು ಕೇಳುವುದು ಕಾಯಿಲೆ ಪತ್ತೆಯಾದಾಗ ಅದಕ್ಕೆ ಎಷ್ಟು ತಿಂಗಳಾಗಿತ್ತು ಎಂಬುದನ್ನು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ನಾಶಮಾಡುತ್ತದೆ. ಆದರೆ ಆರು ತಿಂಗಳ ಒಳಗೆ ಹಾಗಾಗುವುದು ತೀರಾ ಅಪರೂಪ. ಆ ವಯಸ್ಸಿನ ಮಧುಮೇಹಕ್ಕೆ ಬಹುಪಾಲು ಒಂದೇ ಒಂದು ವಂಶವಾಹಿಯ ದೋಷ ಕಾರಣವಾಗಿರುತ್ತದೆ. ಸುಮಾರು ಒಂದು ಲಕ್ಷ ಜನನಗಳಲ್ಲಿ ಒಂದರಲ್ಲಿ ಕಾಣುವ ಈ ಕಾಯಿಲೆಯನ್ನು ಟೈಪ್ 1 ಎಂದೇ ಬರೆದು ಕಳಿಸಿಬಿಟ್ಟರೆ, ಗುಳಿಗೆಯಲ್ಲಿ ನಿಯಂತ್ರಣಕ್ಕೆ ಬರಬಹುದಾದ ಮಗು ಜೀವನವಿಡೀ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ.

ವಿಜಯಪುರ ಜಿಲ್ಲೆಯಿಂದ ಕಾರ್ಖಾನೆ ಕೆಲಸಕ್ಕೆಂದು ಪಿಂಪ್ರಿ-ಚಿಂಚವಡಕ್ಕೆ ಬಂದು ನೆಲೆಸಿದ ಕುಟುಂಬವೊಂದರ ಹೆಣ್ಣುಕೂಸು ಮೂರು ತಿಂಗಳು ತುಂಬುವ ಮೊದಲೇ ನಮ್ಮಲ್ಲಿಗೆ ಬಂದಿತ್ತು. ಮೈಯ ನೀರಿನಂಶ ಬತ್ತಿತ್ತು, ಉಸಿರಾಟ ಆಳವಾಗಿಯೂ ವೇಗವಾಗಿಯೂ ಇತ್ತು, ರಕ್ತದ ಸಕ್ಕರೆ 500 ದಾಟಿತ್ತು. ಕೂಸಿನ ಒದ್ದೆ ಬಟ್ಟೆಗೆ ಇರುವೆ ಮುತ್ತುತ್ತಿದ್ದವೆಂದು ಅಜ್ಜಿ ಹೇಳಿದರು. ನಾನು ಕೇಳುವವರೆಗೂ ಆ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ರಕ್ತನಾಳದ ಮೂಲಕ ದ್ರವ ಮತ್ತು ಇನ್ಸುಲಿನ್ ಕೊಟ್ಟು ಕೀಟೋನುಗಳನ್ನು, ಅಂದರೆ ಇನ್ಸುಲಿನ್ ಇಲ್ಲದಾಗ ಕೊಬ್ಬು ಕರಗಿ ರಕ್ತದಲ್ಲಿ ತುಂಬಿಕೊಳ್ಳುವ ಆಮ್ಲಗಳನ್ನು, ಇಳಿಸುವುದು ಮೊದಲ ಕೆಲಸವಾಗಿತ್ತು. ಕಾರಣ ಯಾವುದೇ ಇರಲಿ, ಆ ಹಂತದಲ್ಲಿ ಇನ್ಸುಲಿನ್ ಬಿಟ್ಟರೆ ಬೇರೆ ಮದ್ದಿಲ್ಲ.

ಐದು ಕಿಲೋ ತೂಗದ ಕೂಸಿಗೆ ಇನ್ಸುಲಿನ್ ಕೊಡುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗಳೂ ಇವೆ, 100 ಯೂನಿಟ್ ಇರುವವೂ ಇವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಮಗುವಿನ ಮೈ ಸೇರುತ್ತದೆ. ಈ ಕೂಸಿಗೆ ಒಂದು ಹೊತ್ತಿಗೆ ಬೇಕಾಗಿದ್ದದ್ದು ಅರ್ಧ ಯೂನಿಟ್, ಅಂದರೆ 40ರ ಬಾಟಲಿಯಲ್ಲಿ ಒಂದು ಮಿಲಿಲೀಟರಿನ ಎಂಬತ್ತನೆಯ ಒಂದು ಭಾಗ. ಸೂಜಿಯೊಳಗೆ ಗಾಳಿಯ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ತಾಯಿ ಅದನ್ನು ಕಲಿತರು, ಚೆನ್ನಾಗಿಯೇ ಕಲಿತರು. ಆದರೆ ಕೂಸು ಹಾಲು ಕುಡಿದೀತೋ ಇಲ್ಲವೋ ಎಂದು ತಿಳಿಯದೆ ಸೂಜಿ ಚುಚ್ಚುವ ಭಯ ಅವರನ್ನು ರಾತ್ರಿಯೆಲ್ಲ ಎಚ್ಚರವಾಗಿ ಇಡುತ್ತಿತ್ತು.

ಬೀಟಾ ಜೀವಕೋಶ ಸಕ್ಕರೆಯನ್ನು ಗುರುತಿಸುವ ಬಗೆ ಹೀಗಿದೆ. ಗ್ಲೂಕೋಸ್ ಒಳಹೊಕ್ಕು, ಗ್ಲುಕೋಕೈನೇಸ್ ಎಂಬ ಕಿಣ್ವದಿಂದ ಆರಂಭವಾಗುವ ಸರಣಿಯಲ್ಲಿ ಉರಿದು, ಎಟಿಪಿ ಎಂಬ ಶಕ್ತಿಯ ಅಣುವಾಗುತ್ತದೆ. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲೊಂದಿದೆ. ಎಟಿಪಿ ಹೆಚ್ಚಿದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತದೆ, ಪೊರೆಯ ವಿದ್ಯುದಂಶ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಿದ್ಧವಾಗಿದ್ದ ಇನ್ಸುಲಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಈ ಬಾಗಿಲು ಎರಡು ಬಗೆಯ ಪ್ರೋಟೀನುಗಳ ನಾಲ್ಕು ನಾಲ್ಕು ಪ್ರತಿಗಳಿಂದ ಆಗಿದೆ. ಅವುಗಳ ವಂಶವಾಹಿಗಳ ಹೆಸರು ಕೆಸಿಎನ್‌ಜೆ11 ಮತ್ತು ಎಬಿಸಿಸಿ8. ಎರಡೂ 11ನೆಯ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ. ಇವುಗಳಲ್ಲಿ ಕೆಲವು ಬಗೆಯ ದೋಷಗಳಿದ್ದರೆ ಎಟಿಪಿ ಎಷ್ಟೇ ಹೆಚ್ಚಿದರೂ ಬಾಗಿಲು ಮುಚ್ಚುವುದಿಲ್ಲ. ಜೀವಕೋಶ ಬದುಕಿದೆ, ಅದರೊಳಗೆ ಇನ್ಸುಲಿನ್ ಇದೆ, ಅದು ಹೊರಬರುವುದಿಲ್ಲ ಅಷ್ಟೆ. ಈ ತಿಳಿವಳಿಕೆ ನನ್ನನ್ನು ಇಂದಿಗೂ ಅಲುಗಾಡಿಸುತ್ತದೆ.

2004ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಅನ್ನಾ ಗ್ಲೋಯ್ನ್, ಆಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಅವರ ಸಂಗಡಿಗರು ಕೆಸಿಎನ್‌ಜೆ11 ದೋಷವನ್ನು ಹಸುಗೂಸುಗಳ ಮಧುಮೇಹದ ಕಾರಣವೆಂದು ತೋರಿಸಿದರು. ದೊಡ್ಡವರ ಟೈಪ್ 2 ಮಧುಮೇಹಕ್ಕೆ ದಶಕಗಳಿಂದ ಬಳಕೆಯಲ್ಲಿದ್ದ ಗ್ಲೈಬೆನ್‌ಕ್ಲಮೈಡ್ ಗುಳಿಗೆ ಇದೇ ಬಾಗಿಲನ್ನು ಎಟಿಪಿಯ ಹಂಗಿಲ್ಲದೆ ಮುಚ್ಚುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ದೋಷವಿದ್ದ 49 ಜನರ ಪೈಕಿ 44 ಮಂದಿ ಇನ್ಸುಲಿನ್ ಪೂರ್ತಿ ಬಿಟ್ಟು ಇಂಥ ಗುಳಿಗೆಯ ಮೇಲೆಯೇ ಉಳಿದರು.

ಕೂಸಿನದೂ ತಂದೆತಾಯಿಯರದೂ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬುಗಳಲ್ಲಿ ವಂಶವಾಹಿ ಪರೀಕ್ಷೆಗೆ ಕಳಿಸಿದೆವು. ಕೆಸಿಎನ್‌ಜೆ11 ಪ್ರೋಟೀನಿನ 390 ಅಮೈನೋ ಆಮ್ಲಗಳಲ್ಲಿ 201ನೆಯದು ಮಾತ್ರ ಬದಲಾಗಿದೆ, ಆರ್ಜಿನೈನ್ ಇರಬೇಕಾದಲ್ಲಿ ಹಿಸ್ಟಿಡೀನ್ ಇದೆ ಎಂದು ವರದಿ ಬಂತು. ಈ ದೋಷದಲ್ಲಿ ಮತ್ತೆಮತ್ತೆ ಕಾಣುವ ಬದಲಾವಣೆ ಅದು, ಗುಳಿಗೆಗೆ ಚೆನ್ನಾಗಿ ಬಗ್ಗುವಂಥದು. ತಂದೆತಾಯಿಯರಲ್ಲಿ ಅದು ಇರಲಿಲ್ಲ. ಬಹುತೇಕ ಪ್ರಕರಣಗಳಲ್ಲಿ ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಸೊಸೆಯ ಬಸಿರಿನ ದಿನಗಳ ಊಟದ ಬಗ್ಗೆ ಮನೆಯಲ್ಲಿ ನಡೆಯುತ್ತಿದ್ದ ಮಾತುಗಳಿಗೆ ಈ ವರದಿಯೇ ಉತ್ತರವಾಯಿತು.

ಆದರೂ ಅಜ್ಜಿ ಒಪ್ಪಲಿಲ್ಲ. “ಸೂಜಿ ಬಿಡಿಸಿ ಬರೇ ಗುಳಿಗಿ ಮ್ಯಾಲ ಇಡ್ತೀನಿ ಅಂತೀರಿ, ಕೂಸಿಗೆ ಏನಾರ ಆದ್ರ ಹೆಂಗ್ರೀ ಡಾಕ್ಟರ್ ಬಾಯಾರ?” ಎಂದರು. “ಆಯೀ, ಶುಗರ್ ಹದಕ್ಕ ಬರೂತನಕಾ ದವಾಖಾನಿ ಬಿಟ್ಟು ಕಳಸೂದಿಲ್ಲರೀ, ಸೂಜಿನೂ ಒಮ್ಮೆಲೇ ಬಿಡಿಸೂದಿಲ್ಲ” ಎಂದೆ. ಅದು ಬರಿಯ ಸಮಾಧಾನದ ಮಾತಲ್ಲ, ನಮ್ಮ ಕ್ರಮವೇ ಅದು. 5 ಮಿಲಿಗ್ರಾಂ ಗುಳಿಗೆಯನ್ನು ನುಣ್ಣಗೆ ಅರೆದು 10 ಮಿಲಿಲೀಟರ್ ನೀರಿನಲ್ಲಿ ಕದಡಿ, ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಎರಡು ಬಾರಿ, ಹಾಲೂಡಿಸುವ ಮುನ್ನ ಬಾಯಿಗೆ ಹಾಕಲಾರಂಭಿಸಿದೆವು. ಈ ಔಷಧಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತಳಕ್ಕಿಳಿಯುತ್ತದೆ. ಪ್ರತಿಸಲ ಅಲ್ಲಾಡಿಸಿ ತಕ್ಷಣ ಎಳೆದುಕೊಳ್ಳದಿದ್ದರೆ ಒಂದು ಹೊತ್ತು ಬರೀ ನೀರು, ಇನ್ನೊಂದು ಹೊತ್ತು ಅತಿಯಾದ ಮದ್ದು ಹೋಗುತ್ತದೆ. ನರ್ಸುಗಳಿಗೂ ತಾಯಿಗೂ ಇದನ್ನು ನಾನೇ ಪಕ್ಕದಲ್ಲಿ ನಿಂತು ಮಾಡಿ ತೋರಿಸಿದೆ. ಸಕ್ಕರೆ ನೋಡುತ್ತ ಗುಳಿಗೆಯ ಪ್ರಮಾಣವನ್ನು ದಿನದಿನಕ್ಕೆ ಏರಿಸಿದೆವು, ಇನ್ಸುಲಿನ್ ಇಳಿಸಿದೆವು. ಹಾಲಿಗೆ ಮುಂಚೆ, ಹಾಲಾದ ಮೇಲೆ, ನಡುರಾತ್ರಿ ಕೂಡ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ನೋಡುತ್ತಿದ್ದೆವು, ಏಕೆಂದರೆ ಈ ಗುಳಿಗೆಯಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೊನೆಗೆ ಇನ್ಸುಲಿನ್ ನಿಂತಿತು. ಮೊದಲು ಅಳತೆಗೆ ಸಿಗದಿದ್ದ ಸಿ-ಪೆಪ್ಟೈಡ್, ಅಂದರೆ ದೇಹ ತಾನೇ ಇನ್ಸುಲಿನ್ ತಯಾರಿಸುತ್ತಿದೆ ಎಂಬುದಕ್ಕೆ ಸಾಕ್ಷಿಯಾದ ಅಂಶ, ರಕ್ತದಲ್ಲಿ ಕಾಣಿಸಿಕೊಂಡಿತು. ತೂಕದ ಲೆಕ್ಕದಲ್ಲಿ ಈ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಮದ್ದು ಬೇಕಾಗುವುದರಿಂದ, ಚೀಟಿ ನೋಡಿ ಮೆಡಿಕಲ್ ಅಂಗಡಿಯವರು ಅನುಮಾನಪಟ್ಟು ಫೋನ್ ಮಾಡುತ್ತಾರೆ. ಅವರು ಕೇಳುವುದೇ ಸರಿ. ನಾನೀಗ ಚೀಟಿಯಲ್ಲೇ ಕಾರಣ ಬರೆದು ಕೊಡುತ್ತೇನೆ.

ಎಲ್ಲ ವರದಿಗಳೂ ಹೀಗೆ ಬರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆಯ ಕುಟುಂಬಗಳಲ್ಲಿ, ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ತೋರುವ ವೋಲ್ಕಾಟ್-ರ‍್ಯಾಲಿಸನ್ ಎಂಬ ಕಾಯಿಲೆಯನ್ನೂ ನೆನಪಿನಲ್ಲಿಡಬೇಕು. ಅದರಲ್ಲಿ ಬೀಟಾ ಜೀವಕೋಶಗಳೇ ಸಾಯುತ್ತವೆ, ಮೂಳೆಗಳ ಬೆಳವಣಿಗೆ ಕೆಡುತ್ತದೆ, ಯಕೃತ್ತು ಇದ್ದಕ್ಕಿದ್ದಂತೆ ಕೈಕೊಡಬಹುದು. ಗುಳಿಗೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಂಥ ಮನೆಯವರಿಗೆ ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯವಿದೆ ಎಂದು ಹೇಳುವ ದಿನ ನನಗೆ ಬಹಳ ಕಷ್ಟವಾಗುತ್ತದೆ, ಆದರೂ ಹೇಳದೆ ಕಳಿಸುವುದಿಲ್ಲ.

ಟೈಪ್ 1 ಎಂಬ ಹಣೆಪಟ್ಟಿಯೊಂದಿಗೆ ಬೆಳೆದು ಈಗ ಕಾಲೇಜಿಗೆ ಹೋಗುತ್ತಿರುವವರಲ್ಲೂ ಇಂಥವರು ಇರಬಹುದು. ಬೇಗ ಬದಲಾಯಿಸಿದಷ್ಟೂ ಒಳ್ಳೆಯದು, ಆದರೆ ಗುಳಿಗೆಯ ಫಲ ದೊಡ್ಡವರಲ್ಲೂ ಸಿಕ್ಕಿದೆ. 2018ರಲ್ಲಿ ಪ್ರಕಟವಾದ, ಸುಮಾರು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ 81 ಜನರ ಪೈಕಿ 75 ಮಂದಿ ಇನ್ಸುಲಿನ್ ಇಲ್ಲದೆಯೇ ಇದ್ದರು. ಆರು ತಿಂಗಳೊಳಗೆ ಕಾಯಿಲೆ ಕಂಡಿದ್ದರೆ, ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ವೈದ್ಯರಿಗೆ ತೋರಿಸಿ ವಂಶವಾಹಿ ಪರೀಕ್ಷೆ ಕೇಳಿ. ವರದಿ ಬಂದು, ಆಸ್ಪತ್ರೆಯ ಕಣ್ಗಾವಲಿನಲ್ಲಿ ಬದಲಾವಣೆ ಪೂರ್ತಿಯಾಗುವವರೆಗೂ ಒಂದು ಹೊತ್ತಿನ ಇನ್ಸುಲಿನ್ ಕೂಡ ತಪ್ಪಿಸಬೇಡಿ.